ಟ್ರಾನ್ಸ್‌ಫರ್ ಕೇಸಿನ ಸದ್ದು: ಇಳಿಸುವ ಮೊದಲು ಏನೇನು ನೋಡಬೇಕು?

ಹೇಮಾವತಿ ದಂಡೆ:

ಎಲ್ಲರಿಗೂ ನಮಸ್ಕಾರ. ಸಕಲೇಶಪುರ ತಾಲ್ಲೂಕಿನ ನಮ್ಮ ಕಾಫಿ ತೋಟದಲ್ಲಿ ಹಳೆಯ ಡೀಸೆಲ್ ಜೀಪೊಂದಿದೆ. ನಾಲ್ಕು ಸಿಲಿಂಡರ್, ನಾಲ್ಕು ಗೇರು. ಬೇಕಾದಾಗ ಮಾತ್ರ ಮುಂಚಕ್ರಗಳಿಗೂ ಎಳೆತ ಕೊಡುವ ಹಳೆಯ ಬಗೆಯದು; ಗೇರ್ ಬಾಕ್ಸಿನಿಂದ ಬಂದ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆಯೇ ಟ್ರಾನ್ಸ್‌ಫರ್ ಕೇಸು. ಮುಂಚಕ್ರಗಳನ್ನು ಆ್ಯಕ್ಸಲ್‌ನಿಂದ ಬೇರ್ಪಡಿಸಿಡುವ ಫ್ರೀ ವೀಲಿಂಗ್ ಹಬ್ ಇಲ್ಲ. ಎರಡು ತಿಂಗಳಿಂದ ಇದರ ನೆಲದಡಿಯಿಂದ ಒಂದು ಸದ್ದು ಏಳುತ್ತಿದೆ. ಗಂಟೆಗೆ 40 ಕಿ.ಮೀ. ವೇಗದವರೆಗೆ ಏನೂ ಇರುವುದಿಲ್ಲ; 45 ದಾಟಿದೊಡನೆ ದೂರದಲ್ಲೆಲ್ಲೋ ಹಿಟ್ಟಿನ ಗಿರಣಿ ಓಡಿದಂತೆ ಗುಂಯ್ ಎಂದು ಶುರುವಾಗಿ, 55ರಲ್ಲಿ ಟ್ರಾನ್ಸ್‌ಫರ್ ಲಿವರಿನ ಗುಂಡಿ ಹಿಡಿದರೆ ಅಂಗೈ ಜುಮ್ಮೆನ್ನುವಷ್ಟು ಜೋರಾಗಿ, 65ರ ಹೊತ್ತಿಗೆ ತಗ್ಗುತ್ತದೆ. ಇಷ್ಟೂ ಆಗುವುದು ಟೂ ವೀಲ್ ಹೈನಲ್ಲಿ, ಎಂದರೆ ಹಿಂಚಕ್ರಗಳಿಗೆ ಮಾತ್ರ ಎಳೆತವಿರುವ ಸಾಮಾನ್ಯ ಸ್ಥಾನದಲ್ಲಿ, ಓಡಿಸುವಾಗ.

ಪಟ್ಟಣದ ಗ್ಯಾರೇಜಿನವರು ಒಂದು ಸುತ್ತು ಓಡಿಸಿ, ಲಿವರಿನ ಮೇಲೆ ಕೈಯಿಟ್ಟು, ಟ್ರಾನ್ಸ್‌ಫರ್ ಕೇಸ್ ಇಳಿಸಿ ಒಳಗಿನ ಹಲ್ಲುಚಕ್ರಗಳ ಸೆಟ್ಟನ್ನೇ ಬದಲಾಯಿಸಬೇಕೆಂದಿದ್ದಾರೆ. ಸೆಟ್ಟಿನ ಬೆಲೆ ಕೇಳಿದ ಮೇಲೆ ನನಗೆ ಸ್ವಲ್ಪ ಯೋಚನೆಯಾಗಿದೆ. ಇಳಿಸುವ ಮೊದಲು ನಾನೇ ನೋಡಿಕೊಳ್ಳಬಹುದಾದ ಪರೀಕ್ಷೆಗಳಿದ್ದರೆ ದಯವಿಟ್ಟು ತಿಳಿಸಿ. ಹಿಂದಿನ ಎರಡು ಟೈರುಗಳು ಹೊಸವು, ಮುಂದಿನವು ಹಳೆಯವು ಎಂಬುದನ್ನೂ ಹೇಳಿಬಿಡುತ್ತೇನೆ.

ಡಾಂಬರು ಬಿಟ್ಟವ:

ಉತ್ತರ ನಿಮ್ಮ ಕೊನೆಯ ಸಾಲಿನಲ್ಲೇ ಇದೆಯಲ್ಲ. ಹೊಸ ಟೈರಿನ ಮೈಮೇಲೆ ಉಬ್ಬಿರುವ ಗುಬ್ಬಿಗಳು ದಪ್ಪವಾಗಿದ್ದರೆ ಸದ್ದು ಬಂದೇ ಬರುತ್ತದೆ. ಹಿಂದಿನದನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಹಾಕಿ ನೋಡಿ.

ಹಳೆ ಗ್ಯಾರೇಜು:

ಟೈರನ್ನು ತಳ್ಳಿಹಾಕುವುದಿಲ್ಲ, ಆದರೆ ಅದಕ್ಕೆ ಇನ್ನೂ ಸುಲಭದ ಪರೀಕ್ಷೆಯಿದೆ. ಟೈರಿನ ಸದ್ದು ರಸ್ತೆಯ ಮೈ ಬದಲಾದಂತೆ ಬದಲಾಗುತ್ತದೆ. ನಿಮಗೆ ಶಿರಾಡಿ ಘಾಟಿಯ ಕಾಂಕ್ರೀಟ್ ರಸ್ತೆಯೂ ಹತ್ತಿರ, ಊರೊಳಗಿನ ಡಾಂಬರೂ ಹತ್ತಿರ. ಒಂದೇ ವೇಗದಲ್ಲಿ ಎರಡರ ಮೇಲೂ ಹೋಗಿ ನೋಡಿ. ಸದ್ದಿನ ಬಣ್ಣ ಬದಲಾಗದಿದ್ದರೆ ಟೈರನ್ನು ಮರೆಯಬಹುದು. ಹಾಗೆಯೇ ಅಗಲವಾದ ತಿರುವಿನಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿದಾಗ ಸದ್ದು ಏರಿಳಿದರೆ ಅದು ಚಕ್ರದ ಬೇರಿಂಗು.

ಈಗ ಮುಖ್ಯ ವಿಷಯ. ನಿಮ್ಮ ಗ್ಯಾರೇಜಿನವರು ಲಿವರಿನ ಮೇಲೆ ಕೈಯಿಟ್ಟು ತೀರ್ಮಾನಿಸಿದ್ದು ನನಗೆ ಒಪ್ಪಿಗೆಯಿಲ್ಲ. ಆ ಲಿವರು ನೇರವಾಗಿ ಕೇಸಿನ ಮೇಲೆಯೇ ಕುಳಿತಿರುವುದರಿಂದ, ಕೇಸಿನಿಂದ ಆ್ಯಕ್ಸಲ್‌ಗಳಿಗೆ ಶಕ್ತಿ ಒಯ್ಯುವ ಮುಂದಿನ ಶಾಫ್ಟು, ಹಿಂದಿನ ಶಾಫ್ಟು, ಗೇರ್ ಬಾಕ್ಸು, ಎಂಜಿನ್ನು ಈ ನಾಲ್ಕರಲ್ಲಿ ಯಾವುದು ನಡುಗಿದರೂ ಆ ನಡುಕ ಅಲ್ಲಿಗೇ ಬಂದು ಸೇರುತ್ತದೆ. ಸದ್ದು ಎಲ್ಲಿ ಕೇಳಿಸುತ್ತದೆ ಎಂಬುದಕ್ಕಿಂತ, ಸದ್ದು ಬರುವಾಗ ಯಾವ ಯಾವ ಶಾಫ್ಟು ತಿರುಗುತ್ತಿದೆ, ಅದರ ಮೇಲೆ ಭಾರ ಇದೆಯೋ ಇಲ್ಲವೋ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಮೂವತ್ತು ವರ್ಷ ಈ ಕೆಲಸ ಮಾಡಿದವನಾಗಿ ಹೇಳುತ್ತಿದ್ದೇನೆ: ನಾನೇ ಸದ್ದು ಕೇಳಿದ ಜಾಗವನ್ನು ನಂಬಿ ಒಳ್ಳೆಯ ಡಬ್ಬಿಗಳನ್ನು ಬಿಚ್ಚಿ ಹಾಕಿದ್ದುಂಟು.

ಮೊದಲ ಪರೀಕ್ಷೆ ನಿಂತಲ್ಲೇ ಮಾಡುವುದು. ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಟ್ರಾನ್ಸ್‌ಫರ್ ಲಿವರನ್ನು ನ್ಯೂಟ್ರಲ್‌ಗೆ ತನ್ನಿ. ಆಮೇಲೆ ಎಂಜಿನ್ ಶುರುಮಾಡಿ, ಮೂರನೆಯ ಗೇರು ಹಾಕಿ, ಕ್ಲಚ್ ಬಿಟ್ಟು ನಿಧಾನವಾಗಿ ಎಕ್ಸಲರೇಟರ್ ಒತ್ತಿ. ಗಾಡಿ ಕದಲುವುದಿಲ್ಲ, ಆದರೆ ಗೇರ್ ಬಾಕ್ಸು ಪೂರ್ತಿಯಾಗಿಯೂ ಟ್ರಾನ್ಸ್‌ಫರ್ ಕೇಸಿನ ಒಳಬರುವ ಹಲ್ಲುಚಕ್ರ ಮತ್ತು ನಡುವಿನ ಹಲ್ಲುಚಕ್ರಗಳೂ ತಿರುಗುತ್ತವೆ. ಅಲ್ಲೇ ಸದ್ದು ಬಂದರೆ ಶಾಫ್ಟುಗಳನ್ನು ನೋಡುವ ಅಗತ್ಯವಿಲ್ಲ. ಬರದಿದ್ದರೆ ಕೇಸಿನ ಮುಂಭಾಗ ಬಹುಮಟ್ಟಿಗೆ ನಿರ್ದೋಷಿ. ಬಹುಮಟ್ಟಿಗೆ ಎಂದೆ, ಏಕೆಂದರೆ ಭಾರವಿಲ್ಲದಾಗ ಸುಮ್ಮನಿರುವ ಹಲ್ಲು ಭಾರ ಬಿದ್ದಾಗ ಕೂಗಬಹುದು.

ಎರಡನೆಯದು ರಸ್ತೆಯಲ್ಲಿ. 60ಕ್ಕೆ ಹೋಗಿ, ಕ್ಲಚ್ ಒತ್ತಿ, ಗೇರನ್ನು ನ್ಯೂಟ್ರಲ್ ಮಾಡಿ ಗಾಡಿಯನ್ನು ತನ್ನ ಪಾಡಿಗೆ ಹರಿಯಬಿಡಿ. ಖಾಲಿಯಾದ, ನೇರವಾದ, ಇಳಿಜಾರಿಲ್ಲದ ರಸ್ತೆಯಲ್ಲಿ ಮಾತ್ರ ಮಾಡಿ. ಎಂಜಿನ್ ಆರಿಸಬೇಡಿ, ಘಾಟಿಯಲ್ಲಂತೂ ಬೇಡವೇ ಬೇಡ. ಎಳೆಯುವಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆ ಎಂದಾದರೆ ಹಲ್ಲಿನ ಮೇಲೆ ಅನುಮಾನ ಪಡಬೇಕು. ಎರಡರಲ್ಲೂ ಒಂದೇ ಆಗಿದ್ದರೆ ಬೇರಿಂಗು ಅಥವಾ ಶಾಫ್ಟು. ಫಲಿತಾಂಶ ಬರೆಯಿರಿ, ಮುಂದೆ ನೋಡೋಣ. ಅಂದಹಾಗೆ, ಈ ಎರಡು ತಿಂಗಳ ಹಿಂದೆ ಟೈರಲ್ಲದೆ ಬೇರೆ ಏನಾದರೂ ಕೆಲಸ ಮಾಡಿಸಿದ್ದಿರಾ?

ಬಯಲುಸೀಮೆ ಬುಲ್ಲೆಟ್ಟು:

ನಮ್ಮ ಕಡೆ ಇಂಥದ್ದಕ್ಕೆ 90ರ ಬದಲು ಇನ್ನೂ ಮಂದವಾದ 140 ಆಯಿಲ್ ಹಾಕಿಬಿಡುತ್ತಾರೆ. ಸದ್ದು ಅರ್ಧಕ್ಕರ್ಧ ಇಳಿಯುತ್ತದೆ. ಯಾರೂ ಏಕೆ ಹೇಳಲಿಲ್ಲವೋ ತಿಳಿಯದು.

ಹಳೆ ಗ್ಯಾರೇಜು:

ಇಳಿಯುತ್ತದೆ, ನಿಜ. ಹಿಂದೆ ಮಾರಾಟಕ್ಕಿಟ್ಟ ಗಾಡಿಯ ಗೇರ್ ಬಾಕ್ಸಿಗೆ ಮರದ ಹೊಟ್ಟು ಹಾಕಿ ಸದ್ದು ಅಡಗಿಸುವವರೂ ಇದ್ದರು. ಮಂದವಾದ ಎಣ್ಣೆ ಹಲ್ಲುಗಳ ನಡುವಿನ ಸಂದನ್ನು ತುಂಬಿ ಕಿವಿಗೆ ನೆಮ್ಮದಿ ಕೊಡುತ್ತದೆ. ಆದರೆ ಮಲೆನಾಡಿನ ಡಿಸೆಂಬರ್ ಬೆಳಗಿನಲ್ಲಿ ಸೂಜಿ ಬೇರಿಂಗಿನ ಒಳಗೆ ಅದು ಬೇಗ ಇಳಿಯುವುದಿಲ್ಲ, ಸವೆಯುವುದು ಮಾತ್ರ ಮುಂದುವರಿಯುತ್ತದೆ. ಪತ್ತೆ ಮಾಡುವ ಮೊದಲು ಎಣ್ಣೆ ಬದಲಾಯಿಸಿದರೆ ಇರುವ ಒಂದೇ ಸಾಕ್ಷಿಯನ್ನು ನಾವೇ ಅಳಿಸಿದಂತೆ.

ಎಣ್ಣೆಯ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಸರಪಳಿಯಿಂದ ಓಡುವ ಹೊಸ ಬಗೆಯ ಟ್ರಾನ್ಸ್‌ಫರ್ ಕೇಸುಗಳಲ್ಲಿ ಹಲವಕ್ಕೆ ಆಟೊಮ್ಯಾಟಿಕ್ ಗೇರ್ ಬಾಕ್ಸಿನ ತೆಳುವಾದ ಎಣ್ಣೆಯನ್ನೇ ಹೇಳಿರುತ್ತಾರೆ. ಅದಕ್ಕೆ 90 ತುಂಬಿದರೆ ಒಳಗಿನ ಚಿಕ್ಕ ಪಂಪು ತಣ್ಣಗಿರುವಾಗ ಸರಿಯಾಗಿ ಮೇಲೆತ್ತಲಾರದು. ಹಿತ್ತಾಳೆಯ ಸಿಂಕ್ರೊ ಉಂಗುರವೋ ಬುಷ್ಷೋ ಇರುವ ಡಬ್ಬಿಗೆ ಜಿಎಲ್-4 ದರ್ಜೆಯ ಗೇರ್ ಎಣ್ಣೆ ಹೇಳಿದ್ದರೆ ಜಿಎಲ್-5 ಹೆಚ್ಚಿನ ದರ್ಜೆಯದು ಎಂದುಕೊಂಡು ಹಾಕುವುದೂ ಸಲ್ಲದು, ಅದರಲ್ಲಿನ ಗಂಧಕದ ಮಿಶ್ರಣಗಳು ಹಿತ್ತಾಳೆಯನ್ನು ತಿನ್ನಬಹುದು. ಗಾಡಿಯ ಕೈಪಿಡಿ ಹೇಳಿದ್ದನ್ನೇ ಹಾಕಬೇಕು, ಅಷ್ಟೆ.

ಹೇಮಾವತಿ ದಂಡೆ:

ಹಳೆ ಗ್ಯಾರೇಜಿನ ಹಿರಿಯರಿಗೆ ಕೃತಜ್ಞತೆಗಳು. ಭಾನುವಾರ ಎರಡೂ ಪರೀಕ್ಷೆ ಮಾಡಿದೆ.

ನಿಂತಲ್ಲಿ, ಟ್ರಾನ್ಸ್‌ಫರ್ ನ್ಯೂಟ್ರಲ್‌ನಲ್ಲಿಟ್ಟು ಮೂರನೆಯ ಗೇರಿನಲ್ಲಿ ತಿರುಗಿಸಿದಾಗ ಹಲ್ಲುಚಕ್ರದ ಸಣ್ಣ ಕೀರಲು ಸದ್ದು ಬಿಟ್ಟರೆ ಏನೂ ಇಲ್ಲ, ಲಿವರೂ ನಡುಗಲಿಲ್ಲ. ಕಾಂಕ್ರೀಟಿನ ಮೇಲೂ ಡಾಂಬರಿನ ಮೇಲೂ ಆ ಗುಂಯ್‌ಕಾರ ಒಂದೇ ತೆರನಾಗಿದೆ, ಟೈರಿನ ಸದ್ದು ಮಾತ್ರ ಬೇರೆಯಾಗಿ ಕೇಳಿಸಿತು. ತಿರುವಿನಲ್ಲಿ ವ್ಯತ್ಯಾಸವಿಲ್ಲ. ನ್ಯೂಟ್ರಲ್ ಮಾಡಿ ಹರಿಯಬಿಟ್ಟಾಗ ತುಸು ಹಗುರವಾಯಿತು, ಆದರೆ ನಿಲ್ಲಲಿಲ್ಲ. 55ರ ಆಸುಪಾಸಿನಲ್ಲಿ ಮತ್ತೆ ಅದೇ ಜುಮ್ಮು.

ಇನ್ನೊಂದನ್ನು ಹೇಳಲು ಮರೆತಿದ್ದೆ, ಕ್ಷಮಿಸಿ. ಟೈರು ಹಾಕಿಸುವ ಹದಿನೈದು ದಿನ ಮೊದಲು, ಬೇರೊಂದು ಕಡೆ, ಹಿಂದಿನ ಶಾಫ್ಟಿನ (ಪ್ರೊಪೆಲ್ಲರ್ ಶಾಫ್ಟು) ಎರಡೂ ತುದಿಯ ಯುಜೆ ಕ್ರಾಸುಗಳನ್ನು, ಎಂದರೆ ಶಾಫ್ಟು ಓರೆಯಲ್ಲಿಯೂ ತಿರುಗಲು ಬಿಡುವ ಕೀಲಿನ ಶಿಲುಬೆಗಳನ್ನು, ಬದಲಾಯಿಸಿದ್ದೆವು. ಹೊಸ ಕ್ರಾಸು ಹಾಕಿದ್ದರಿಂದ ಅದರಲ್ಲಿ ದೋಷವಿರಲಾರದು ಎಂದು ಬರೆದಿರಲಿಲ್ಲ.

ಲೆಕ್ಕದ ಮೇಷ್ಟ್ರು:

ನಾನು ಮೆಕ್ಯಾನಿಕ್ ಅಲ್ಲ, ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವವನು. ಈ ಹಂತದಲ್ಲಿ ಒಂದು ಚಾಕ್‌ಪೀಸು ಮತ್ತು ಮೊಬೈಲ್ ಫೋನು ಬಹಳ ಕೆಲಸ ಮಾಡಬಲ್ಲವು.

ಹಿಂದಿನ ಟೈರಿಗೆ ಚಾಕಿನಿಂದ ಗೆರೆ ಎಳೆದು, ಅದು ಐದು ಸುತ್ತು ಬರುವವರೆಗೆ ಗಾಡಿಯನ್ನು ಮುಂದಕ್ಕೆ ತಳ್ಳಿಸಿ, ನೆಲದ ಮೇಲಿನ ದೂರವನ್ನು ಟೇಪಿನಿಂದ ಅಳೆದು ಐದರಿಂದ ಭಾಗಿಸಿ. ಅದು ಚಕ್ರದ ಸುತ್ತಳತೆ. ಹೀಗೆ ತಳ್ಳುವಾಗಲೇ ಹಿಂದಿನ ಶಾಫ್ಟಿಗೂ ಒಂದು ಗೆರೆ ಎಳೆದು, ಚಕ್ರದ ಒಂದು ಸುತ್ತಿಗೆ ಶಾಫ್ಟು ಎಷ್ಟು ಸುತ್ತುತ್ತದೆ ಎಂದು ಎಣಿಸಿಕೊಳ್ಳಿ. ಎರಡೂ ಗೊತ್ತಾದರೆ ಯಾವುದೇ ವೇಗದಲ್ಲಿ ಶಾಫ್ಟು ಸೆಕೆಂಡಿಗೆ ಎಷ್ಟು ಸಲ ತಿರುಗುತ್ತದೆಂದು ಕೈಯಲ್ಲೇ ಲೆಕ್ಕ ಹಾಕಬಹುದು. ಬಳಿಕ ಫೋನಿನಲ್ಲಿ ಸದ್ದಿನ ಆವರ್ತನ ತೋರಿಸುವ ಆ್ಯಪ್ ಹಾಕಿಕೊಂಡು, ಪಕ್ಕದಲ್ಲಿ ಕುಳಿತವರ ಕೈಗೆ ಕೊಟ್ಟು, 55ರಲ್ಲಿ ಯಾವ ಅಂಕೆಯ ಮೇಲೆ ಕಂಬ ಎದ್ದು ನಿಲ್ಲುತ್ತದೆ ನೋಡಿ. ಶಾಫ್ಟಿನ ಒಂದು ಸುತ್ತಿಗೆ ಒಂದು ಸಲವಾದರೆ ತೂಕದ ಅಸಮತೋಲ, ಎರಡು ಸಲವಾದರೆ ಕ್ರಾಸಿನ ಕಡೆಯ ತೊಂದರೆ, ಹಲವು ಹತ್ತು ಪಟ್ಟಾದರೆ ಹಲ್ಲುಚಕ್ರ. ವೇಗಕ್ಕೆ ಮೀಟರನ್ನು ನಂಬದೆ ಫೋನಿನ ಜಿಪಿಎಸ್ ನೋಡಿ.

ಒಂದು ಎಚ್ಚರಿಕೆ. ನಿಮ್ಮದು ನಾಲ್ಕು ಗೇರಿನ ಗಾಡಿ. ನಾಲ್ಕನೆಯದು ನೇರ ಗೇರಾಗಿದ್ದು, ಟ್ರಾನ್ಸ್‌ಫರ್ ಹೈನಲ್ಲಿ ಒಂದಕ್ಕೊಂದು ಅನುಪಾತವಿದ್ದರೆ ಎಂಜಿನ್ನೂ ಶಾಫ್ಟೂ ಒಂದೇ ವೇಗದಲ್ಲಿ ತಿರುಗುತ್ತವೆ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ. ಎಂದರೆ ಟಾಪ್ ಗೇರಿನಲ್ಲಿ ಎಂಜಿನ್ನಿನ ಸದ್ದೂ ಕ್ರಾಸಿನ ನಡುಕವೂ ಒಂದೇ ಅಂಕೆಯ ಮೇಲೆ ಬಂದು ಕೂರುತ್ತವೆ, ಬೇರ್ಪಡಿಸಲಾಗದು. ಆದ್ದರಿಂದ ನ್ಯೂಟ್ರಲ್ ಮಾಡಿ ಹರಿಯಬಿಟ್ಟಾಗಲೇ ರೆಕಾರ್ಡ್ ಮಾಡಿಕೊಳ್ಳಿ.

ಟೊರೊಂಟೊ ಕನ್ನಡಿಗ:

ನಡುವೆ ಬಾಯಿ ಹಾಕುವುದಕ್ಕೆ ಕ್ಷಮೆಯಿರಲಿ. ನನ್ನದು ಇಲ್ಲಿಯ ಹಿಮಕ್ಕೆಂದು ತೆಗೆದುಕೊಂಡ ಆಲ್ ವೀಲ್ ಡ್ರೈವ್ ಕಾರು. ಪಾರ್ಕಿಂಗಿನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಹೊರಡುವಾಗ ಹಿಂದಿನಿಂದ ಗರಗರನೆ ನಡುಗುತ್ತದೆ. ಮೇಲಿನ ಪರೀಕ್ಷೆಗಳನ್ನು ನಾನೂ ಮಾಡಬಹುದೇ?

ಹಳೆ ಗ್ಯಾರೇಜು:

ಬೇಡ. ಅದು ಬೇರೆಯೇ ಯಂತ್ರ. ಅಡ್ಡವಾಗಿ ಕುಳಿತ ಎಂಜಿನ್ನಿನ ಕಾರುಗಳಲ್ಲಿ ಗೇರ್ ಬಾಕ್ಸಿಗೆ ಅಂಟಿಕೊಂಡು ಚಿಕ್ಕದೊಂದು ಕೋನ ಗೇರಿನ ಪೆಟ್ಟಿಗೆಯಿರುತ್ತದೆ, ಹಿಂದಿನ ಡಿಫ್ರೆನ್ಷಿಯಲ್ ಬಳಿ ಫಲಕಗಳ ಕ್ಲಚ್ ಇರುತ್ತದೆ. ನಿಮ್ಮಲ್ಲಿ ನ್ಯೂಟ್ರಲ್‌ಗೆ ತರಲು ಲಿವರೇ ಇಲ್ಲ. ತಿರುವಿನಲ್ಲಿ ಮುಂಚಕ್ರಗಳು ಹಿಂಚಕ್ರಗಳಿಗಿಂತ ಹೆಚ್ಚು ದೂರ ಓಡಬೇಕು, ಆ ವ್ಯತ್ಯಾಸವನ್ನು ಆ ಫಲಕಗಳು ಜಾರಿ ಸರಿದೂಗಿಸುತ್ತವೆ. ಅದರ ಎಣ್ಣೆ ಹಳತಾದರೆ ನಯವಾಗಿ ಜಾರದೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಹೀಗೆ ಗರಗರ ಎನ್ನುತ್ತದೆ. ಮೊದಲು ನಾಲ್ಕೂ ಟೈರುಗಳ ಸವೆತ ಒಂದೇ ಆಗಿದೆಯೇ ನೋಡಿ, ಆಮೇಲೆ ಕಂಪನಿ ಹೇಳಿದ ಎಣ್ಣೆಯನ್ನೇ ಬದಲಾಯಿಸಿ. ಎರಡು ಚಕ್ರ ಮಾತ್ರ ಎತ್ತಿ ಗೇರು ಹಾಕಿ ತಿರುಗಿಸುವ ಸಾಹಸ ಯಾವ ಕಾರಣಕ್ಕೂ ಬೇಡ, ನೆಲದ ಮೇಲಿರುವ ಚಕ್ರಗಳು ಗಾಡಿಯನ್ನು ಸ್ಟ್ಯಾಂಡಿನಿಂದ ಎಳೆದುಕೊಂಡು ಹೋದಾವು.

ಹೇಮಾವತಿ ದಂಡೆ:

ಮೇಷ್ಟ್ರೇ, ತಾವು ಹೇಳಿದಂತೆ ಅಳೆದೆವು. ಐದು ಸುತ್ತಿಗೆ 10.5 ಮೀಟರು, ಎಂದರೆ ಸುತ್ತಳತೆ 2.1 ಮೀಟರು. ಚಕ್ರ ಒಂದು ಸುತ್ತು ಬಂದಾಗ ಶಾಫ್ಟು ಐದಕ್ಕೆ ಕೂದಲೆಳೆಯಷ್ಟು ಕಡಿಮೆ ಸುತ್ತುತ್ತದೆ. ತಳ್ಳಿದ ಆಳುಗಳು ಮಾತ್ರ, ಓಡುವ ಗಾಡಿಯನ್ನು ಏಕೆ ತಳ್ಳಿಸುತ್ತಿದ್ದಾರೆಂದು ತಮ್ಮತಮ್ಮಲ್ಲೇ ನಗುತ್ತಿದ್ದರು.

ನ್ಯೂಟ್ರಲ್‌ನಲ್ಲಿ ಹರಿಯಬಿಟ್ಟು ಮೂರು ಸಲ ರೆಕಾರ್ಡ್ ಮಾಡಿದೆವು. ಜಿಪಿಎಸ್ ಪ್ರಕಾರ 55ರಲ್ಲಿ ಕಂಬ 70 ಮತ್ತು 72 ಹರ್ಟ್ಸ್ ನಡುವೆ ನಿಲ್ಲುತ್ತದೆ. 1000ದ ಹತ್ತಿರವೂ ಒಂದು ಸಣ್ಣ ಕಂಬವಿದೆ.

ಲೆಕ್ಕದ ಮೇಷ್ಟ್ರು:

ಚೆನ್ನಾಗಿ ಮಾಡಿದ್ದೀರಿ. ನಿಮ್ಮ ಎಣಿಕೆ ನೋಡಿದರೆ ಹಳೆಯ ಜೀಪುಗಳಲ್ಲಿ ಸಾಮಾನ್ಯವಾದ 4.88ರ ಅನುಪಾತ ಇರಬೇಕು. ಗಂಟೆಗೆ 55 ಕಿ.ಮೀ. ಎಂದರೆ ನಿಮಿಷಕ್ಕೆ ಸುಮಾರು 917 ಮೀಟರು, 2.1ರಿಂದ ಭಾಗಿಸಿದರೆ ಚಕ್ರ ನಿಮಿಷಕ್ಕೆ 436 ಸುತ್ತು, ಶಾಫ್ಟು ಸುಮಾರು 2130 ಸುತ್ತು, ಸೆಕೆಂಡಿಗೆ 35.5. ಅದರ ಎರಡರಷ್ಟು 71. ನಿಮ್ಮ ಕಂಬ ಕುಳಿತಿರುವುದು ಸರಿಯಾಗಿ ಅಲ್ಲಿಯೇ. ಎಂಜಿನ್ ಆಗ ಐಡಲ್‌ನಲ್ಲಿದ್ದುದರಿಂದ ಅದರ ಉರಿತ ಬಹಳ ಕೆಳಗೆ, 25ರ ಸುತ್ತಮುತ್ತ ಇರುತ್ತದೆ. ಅದನ್ನು ಲೆಕ್ಕದಿಂದ ತೆಗೆಯಬಹುದು. 1000ದ್ದು ಹಲ್ಲುಚಕ್ರಗಳ ಸದ್ದು. ಚಿಕ್ಕದಾಗಿರುವುದರಿಂದ ನಾನಂತೂ ಹೆದರುವುದಿಲ್ಲ.

ಮುಂದಿನ ಶಾಫ್ಟೂ ಹಬ್ ಇಲ್ಲದ ಕಾರಣ ಹೆಚ್ಚುಕಡಿಮೆ ಇದೇ ವೇಗದಲ್ಲಿ ತಿರುಗುತ್ತಿರುತ್ತದೆ ಎಂಬುದು ಒಂದೇ ತೊಡಕು. ಹಿಂದಿನ ಟೈರಿನ ಗುಬ್ಬಿ ಮುಂದಿನದಕ್ಕಿಂತ 5 ಮಿ.ಮೀ. ಎತ್ತರವಿದ್ದರೂ ಸುತ್ತಳತೆಯಲ್ಲಿ ಬರುವ ವ್ಯತ್ಯಾಸ 31 ಮಿ.ಮೀ., ನೂರಕ್ಕೆ ಒಂದೂವರೆ. ಫೋನಿನಲ್ಲಿ ಅಷ್ಟನ್ನು ಬೇರ್ಪಡಿಸಲಾಗದು.

ಹಳೆ ಗ್ಯಾರೇಜು:

ಆ ತೊಡಕನ್ನು ಸ್ಪ್ಯಾನರು ಬಿಡಿಸುತ್ತದೆ. ಮುಂದಿನ ಶಾಫ್ಟನ್ನು ಬಿಚ್ಚಿಟ್ಟು ಟೂ ವೀಲ್ ಹೈನಲ್ಲಿ ಓಡಿಸಿ. ಸದ್ದು ಹೋದರೆ ಮುಂದಿನದು, ಉಳಿದರೆ ಹಿಂದಿನದು. ಬೋಲ್ಟು ಸಡಿಲಿಸುವ ಮೊದಲು ಎರಡೂ ತುದಿಗೆ ಬಣ್ಣದ ಗುರುತು ಹಾಕಿಕೊಳ್ಳಿ. ಹಿಂದಿನ ಶಾಫ್ಟು ಬಿಚ್ಚುವ ಸಂದರ್ಭ ಬಂದರೆ ನೆನಪಿಡಿ: ನಿಮ್ಮ ಜೀಪಿನ ಹ್ಯಾಂಡ್ ಬ್ರೇಕ್ ಡ್ರಮ್ಮು ಟ್ರಾನ್ಸ್‌ಫರ್ ಕೇಸಿನ ಹಿಂದುಗಡೆಯಲ್ಲಿದ್ದರೆ, ಆ ಶಾಫ್ಟು ಕಳಚಿದ ಕ್ಷಣವೇ ಹ್ಯಾಂಡ್ ಬ್ರೇಕಿಗೂ ಹಿಂಚಕ್ರಗಳಿಗೂ ಸಂಬಂಧ ತಪ್ಪುತ್ತದೆ. ಚಕ್ರಕ್ಕೆ ಕಲ್ಲು ಕೊಡದೆ ಕೆಳಗೆ ತೆವಳಬೇಡಿ.

ಆದರೆ ನನ್ನ ಅನುಮಾನ ಈಗಾಗಲೇ ಹಿಂದಿನದರ ಮೇಲಿದೆ. ನೀವು ಮರೆತಿದ್ದೆ ಎಂದಿರಲ್ಲ, ಆ ಕ್ರಾಸಿನ ಕೆಲಸ. ಓರೆಯಾಗಿ ತಿರುಗುವ ಕ್ರಾಸೊಂದು ಶಾಫ್ಟನ್ನು ಒಂದೇ ಸಮನೆ ತಿರುಗಿಸುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ಬೇಗ, ಎರಡು ಸಲ ನಿಧಾನ ಮಾಡುತ್ತದೆ. ಇನ್ನೊಂದು ತುದಿಯ ಕ್ರಾಸು ಅದೇ ಓರೆಯಲ್ಲಿ, ಅದೇ ನೇರದಲ್ಲಿದ್ದರೆ ಮಾತ್ರ ಮೊದಲನೆಯದು ಮಾಡಿದ ತಪ್ಪನ್ನು ಎರಡನೆಯದು ತಿದ್ದುತ್ತದೆ. ಶಾಫ್ಟಿನ ಎರಡೂ ತುದಿಯಲ್ಲಿ ಕ್ರಾಸನ್ನು ಹಿಡಿದಿರುವ ಕವೆಗಳು ಒಂದೇ ನೇರದಲ್ಲಿರಬೇಕು ಎನ್ನುವುದು ಇದಕ್ಕಾಗಿ. ಕ್ರಾಸು ಬದಲಾಯಿಸುವಾಗ ಜಾರುವ ಸ್ಪ್ಲೈನನ್ನು (ಒಂದರೊಳಗೊಂದು ಕೂರುವ ಹಲ್ಲುಗೆರೆಗಳ ಜೋಡಣೆ) ಹೊರಗೆಳೆದು, ತಿರುಗಿ ಹಾಕುವಾಗ ಒಂದು ಹಲ್ಲು ಆಚೀಚೆ ಕೂರಿಸಿದರೂ ಆ ನೇರ ತಪ್ಪುತ್ತದೆ. ಹೊಸ ಕ್ರಾಸು, ಒಳ್ಳೆಯ ಗ್ರೀಸು ಎಲ್ಲ ಇದ್ದೂ ಗಾಡಿ ಗುಂಯ್ ಎನ್ನುತ್ತದೆ.

ಶಾಫ್ಟಿನ ಮೇಲೂ ಜಾರುವ ಕವೆಯ ಮೇಲೂ ಎದುರುಬದುರಾಗಿ ಬಾಣದ ಗುರುತುಗಳಿರುತ್ತವೆ. ಮಣ್ಣು, ಗ್ರೀಸು, ಬಣ್ಣ ಮೆತ್ತಿ ಕಾಣುವುದಿಲ್ಲ. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒರೆಸಿ ನೋಡಿ. ಅಲ್ಲೇ ಇರುವಾಗ ಕೇಸಿನಿಂದ ಹೊರಬಂದಿರುವ ಹಿಂದಿನ ಕವೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಸುತ್ತುವ ದಿಕ್ಕಿನಲ್ಲಿ ಸ್ವಲ್ಪ ಆಟ ಇರುವುದು ಸಹಜ. ಮೇಲೆ ಕೆಳಗೆ ಆಟ ಕೈಗೆ ಸಿಗಲೇಬಾರದು.

ಘಟ್ಟದ ಮೇಲಿನವ:

ಹಿರಿಯರ ಮಾತಿಗೆ ಒಂದು ಸೇರ್ಪಡೆ. ಜಿಪ್ಸಿಯಂಥ ಗಾಡಿಗಳಲ್ಲಿ ಟ್ರಾನ್ಸ್‌ಫರ್ ಕೇಸು ಗೇರ್ ಬಾಕ್ಸಿಗೆ ಅಂಟಿಕೊಂಡಿರದೆ ಬೇರೆಯಾಗಿ ರಬ್ಬರಿನ ಮೌಂಟಿಂಗ್‌ಗಳ ಮೇಲೆ ಕುಳಿತಿರುತ್ತದೆ, ನಡುವೆ ಇನ್ನೊಂದು ಗಿಡ್ಡ ಶಾಫ್ಟು ಇರುತ್ತದೆ. ಅಲ್ಲಿ ಶಾಫ್ಟು ಎರಡಲ್ಲ, ಮೂರು ಎಂದು ಲೆಕ್ಕವಿಟ್ಟುಕೊಂಡು ಮೌಂಟಿಂಗ್ ರಬ್ಬರನ್ನೂ ನೋಡಬೇಕು. ಸ್ಪೀಡೋಮೀಟರ್ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ ಹೊರಡುವ ಗಾಡಿಗಳಲ್ಲಿ ಒಣಗಿದ ಕೇಬಲ್ಲೇ ಹಕ್ಕಿಯಂತೆ ಕೀಚುಗುಟ್ಟಿ ಎಷ್ಟೋ ಜನರನ್ನು ಹೆದರಿಸುತ್ತದೆ. ಅದನ್ನು ಕಳಚಿ ಒಮ್ಮೆ ಓಡಿಸಿದರೆ ಅನುಮಾನ ತೀರುತ್ತದೆ.

ಹೇಮಾವತಿ ದಂಡೆ:

ಮಳೆಯ ನಡುವೆ ಬಿಡುವು ಸಿಗಲು ಹತ್ತು ದಿನ ಹಿಡಿಯಿತು. ಒಂದೊಂದಾಗಿ ಹೇಳುತ್ತೇನೆ.

ಮುಂದಿನ ಶಾಫ್ಟು ಬಿಚ್ಚಿ ಓಡಿಸಿದಾಗ ಸದ್ದು ಇದ್ದಂತೆಯೇ ಇತ್ತು. ಹಿಂದಿನದನ್ನು ಸೀಮೆಎಣ್ಣೆಯಲ್ಲಿ ಒರೆಸಿದೆ. ಮೊದಲು ಒಂದು ಬಾಣ ಕಂಡಿತು, ಇನ್ನೊಂದಕ್ಕಾಗಿ ಬಹಳ ಹುಡುಕಬೇಕಾಯಿತು. ಕೊನೆಗೆ ಒಂದು ಹಲ್ಲಿನಷ್ಟು ಪಕ್ಕದಲ್ಲಿ, ಹಸಿರು ಬಣ್ಣದ ಅಡಿಯಲ್ಲಿ ಸಿಕ್ಕಿತು. ಶಾಫ್ಟನ್ನು ಬಿಚ್ಚಿ ಅಂಗಳದ ಸಿಮೆಂಟಿನ ಮೇಲೆ ಮಲಗಿಸಿ ಒಂದು ತುದಿಯಿಂದ ನೋಡಿದರೆ ಎರಡು ಕವೆಗಳ ಓರೆ ಬರಿಗಣ್ಣಿಗೇ ಕಾಣುತ್ತಿತ್ತು. ಬಾಣಗಳನ್ನು ಎದುರುಬದುರು ಮಾಡಿ ಕೂರಿಸಿ ಓಡಿಸಿದೆ. 55ರ ಆ ಗುಂಯ್‌ಕಾರ ಹೋಯಿತು. ಲಿವರಿನ ಗುಂಡಿ ಈಗ ತೆಪ್ಪಗಿದೆ.

ಆದರೆ ಪೂರ್ತಿ ನಿಶ್ಶಬ್ದವಾಗಿಲ್ಲ. ಇಷ್ಟು ದಿನ ದೊಡ್ಡ ಸದ್ದಿನ ಹಿಂದೆ ಅಡಗಿದ್ದ ಒಂದು ಗೊರಗೊರ ಈಗ ಕೇಳುತ್ತಿದೆ, 30ರಿಂದ 70ರವರೆಗೆ ಒಂದೇ ತೆರನಾಗಿ. ಹಿಂದಿನ ಕವೆಯನ್ನು ಅಲುಗಿಸಿದಾಗ ಮೇಲೆ ಕೆಳಗೆ ಸಣ್ಣದಾಗಿ ಟಕ್ ಎಂದಿತು. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಬೂದು ಬಣ್ಣದ ಪೇಸ್ಟಿನ ಜೊತೆ, ಬೆರಳಿನ ನಡುವೆ ಉಜ್ಜಿದರೆ ಚುಚ್ಚುವ ಎರಡು ಮೂರು ಚಕ್ಕೆಗಳು ಅಂಟಿದ್ದವು.

ಹಳೆ ಗ್ಯಾರೇಜು:

ಬೂದು ಪೇಸ್ಟು ಸಹಜ ಸವೆತ, ಚಕ್ಕೆ ಸಹಜವಲ್ಲ. ಅದು ಕೇಸಿನಿಂದ ಹಿಂದಿನ ಶಾಫ್ಟಿಗೆ ಶಕ್ತಿ ಹೊರಡುವ ಕಡೆಯ ಔಟ್‌ಪುಟ್ ಬೇರಿಂಗು. ಎರಡು ತಿಂಗಳು ಆ ಶಾಫ್ಟು ಪ್ರತಿ ಸುತ್ತಿಗೆ ಎರಡು ಪೆಟ್ಟು ಕೊಟ್ಟದ್ದನ್ನೆಲ್ಲ ತಿಂದದ್ದು ಅದೇ. ಹಾಗೆಂದು ಕ್ರಾಸು ಹಾಕಿದವರ ಮೇಲೆಯೇ ಪೂರ್ತಿ ಹೊರೆ ಹೊರಿಸುವುದೂ ಕಷ್ಟ. ಬೇರಿಂಗು ಮೊದಲೇ ಹಳತಾಗಿದ್ದಿರಬಹುದು. ಖಚಿತಪಡಿಸಿಕೊಳ್ಳಬೇಕಿದ್ದರೆ ನಾಲ್ಕೂ ಚಕ್ರಗಳನ್ನು ನೆಲದಿಂದ ಎತ್ತಿ, ಸ್ಟ್ಯಾಂಡುಗಳನ್ನು ಚಾಸಿಗೆ ಕೊಡದೆ ಆ್ಯಕ್ಸಲ್‌ಗಳ ಅಡಿಗೆ ಕೊಟ್ಟು, ಮೂರನೆಯ ಗೇರಿನಲ್ಲಿ ನಿಧಾನವಾಗಿ ಓಡಿಸಿ, ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಕೇಸಿಗೆ, ಹಿಡಿಕೆಯನ್ನು ಕಿವಿಗೆ ಒತ್ತಿ ಕೇಳಬೇಕು. ತಿರುಗುವ ಶಾಫ್ಟಿನ ಪಕ್ಕದ ಕೆಲಸವಾದ್ದರಿಂದ ಇದನ್ನು ಅನುಭವಸ್ಥರ ಕೈಗೇ ಬಿಡಿ, ಪಂಚೆ, ಶಾಲು ದೂರವಿರಲಿ.

ಕೇಸು ಈಗ ಇಳಿಯಬೇಕು. ಆದರೆ ಹಲ್ಲುಚಕ್ರದ ಸೆಟ್ಟಿಗಾಗಿ ಅಲ್ಲ, ಬೇರಿಂಗಿಗಾಗಿ.

ಹೇಮಾವತಿ ದಂಡೆ:

ಅದೇ ಪಟ್ಟಣದ ಗ್ಯಾರೇಜಿಗೇ ಕೊಂಡೊಯ್ದೆ. ನಾನು ಬರೆದುಕೊಂಡು ಹೋಗಿದ್ದ ಚೀಟಿಯನ್ನು ಓದಿ ಅವರು ಮೊದಲು ಮುಖ ಸಿಂಡರಿಸಿದರು, ಆಮೇಲೆ ಕವೆಯನ್ನು ತಾವೇ ಅಲುಗಿಸಿ ನೋಡಿ ಒಪ್ಪಿದರು. ಒಳಗಿನ ಹಲ್ಲುಚಕ್ರಗಳೆಲ್ಲ ನನ್ನ ಎದುರಿಗೇ ತೊಳೆದು ತೋರಿಸಿದರು, ಒಂದು ಹಲ್ಲೂ ಮುಕ್ಕಾಗಿರಲಿಲ್ಲ. ಹಿಂದಿನ ಬೇರಿಂಗಿನ ಹೊರ ಬಳೆಯಲ್ಲಿ ಉಗುರು ಸಿಕ್ಕಿಕೊಳ್ಳುವಂಥ ಎರಡು ಗುಳಿಗಳಿದ್ದವು. ಆ ಶಾಫ್ಟಿನ ಎರಡೂ ಬೇರಿಂಗು, ಆಯಿಲ್ ಸೀಲು ಬದಲಾಯಿಸಿ, ಕೈಪಿಡಿಯ ಅಳತೆಗೆ ಶಿಮ್ (ಸಂದು ಹೊಂದಿಸುವ ತೆಳು ತಗಡು) ಕೂರಿಸಿ ಕೊಟ್ಟಿದ್ದಾರೆ. ಕೇಸಿನ ಗಾಳಿ ಹೊರಹೋಗುವ ಬ್ರೀದರಿನ ತೂತು ಮಣ್ಣಿನಿಂದ ಮುಚ್ಚಿಹೋಗಿತ್ತು, ಅದನ್ನೂ ಬಿಡಿಸಿದರು.

ಎಳೆಯುವಾಗ ಸಣ್ಣ ಕೀರಲು ಈಗಲೂ ಇದೆ. ಅದನ್ನೇನು ಮಾಡಲಿ?

ಹಳೆ ಗ್ಯಾರೇಜು:

ಏನೂ ಮಾಡಬೇಡಿ. ಆ ಬಗೆಯ ಕೇಸಿನಲ್ಲಿ ಟೂ ವೀಲ್ ಹೈನಲ್ಲಿಯೂ ಶಕ್ತಿ ನೇರವಾಗಿ ಹೋಗದೆ ನಡುವಿನ ಹಲ್ಲುಚಕ್ರ ದಾಟಿಯೇ ಹಿಂದಕ್ಕೆ ಹೋಗುತ್ತದೆ, ಆದ್ದರಿಂದ ಅದು ಹುಟ್ಟಿದ ದಿನದಿಂದಲೂ ಕೀರುತ್ತಲೇ ಇರುತ್ತದೆ. ಮೇಷ್ಟ್ರು ಹೇಳಿದ 1000ದ ಕಂಬ ಅದೇ. 500 ಕಿ.ಮೀ. ಓಡಿದ ಮೇಲೆ ಡ್ರೈನ್ ಬೋಲ್ಟು ಬಿಚ್ಚಿ ಅಯಸ್ಕಾಂತವನ್ನು ಇನ್ನೊಮ್ಮೆ ನೋಡಿ. ಜೊತೆಗೆ ಗೇರ್ ಬಾಕ್ಸಿನ ಎಣ್ಣೆಯ ಮಟ್ಟವನ್ನೂ ನೋಡಿ. ಅದು ಇಳಿದು ಟ್ರಾನ್ಸ್‌ಫರ್ ಕೇಸಿನದು ಏರಿದ್ದರೆ ಎರಡರ ನಡುವಿನ ಸೀಲು ಸೋರುತ್ತಿದೆ ಎಂದು ಅರ್ಥ. ಡಾಂಬರಿನ ಮೇಲೆ ಫೋರ್ ವೀಲ್ ಹಾಕಿ ಓಡಿಸಬೇಡಿ. ನಿಮ್ಮ ಟೈರುಗಳ ಆ ಒಂದೂವರೆ ಪರ್ಸೆಂಟು, ಒಂದು ಕಿಲೋಮೀಟರಿಗೆ 15 ಮೀಟರಿನಷ್ಟು ಎಳೆದಾಟವನ್ನು ಒಳಗಿನ ಹಲ್ಲುಗಳ ಮೇಲೆ ಹೇರುತ್ತದೆ.

ಹೇಮಾವತಿ ದಂಡೆ:

ಆಗಲಿ. ಮುಂದಿನ ಎರಡು ಟೈರುಗಳನ್ನೂ ಈ ತಿಂಗಳೇ ಬದಲಾಯಿಸುತ್ತೇನೆ. 500 ಆದ ಮೇಲೆ ಬೋಲ್ಟಿನ ಚಿತ್ರ ತೆಗೆದು ಇಲ್ಲೇ ಹಾಕುತ್ತೇನೆ.